ಮೂರೂರಿಗೆ ಹಂಚಿದ ರಕ್ಕಸ

ಈ ಸಂಗತಿಯಲ್ಲಿ ನಡೆದದ್ದೆಷ್ಟು, ಆಮೇಲೆ ನಾನೇ ಕೂಡಿಸಿಕೊಂಡದ್ದೆಷ್ಟು ಎಂಬುದು ನನಗೆ ಇಂದಿಗೂ ಖಾತ್ರಿಯಿಲ್ಲ. ಹುಕ್ಕೇರಿಯ ಆ ಮನೆಯಲ್ಲಿ ಊಟಕ್ಕೆ ಕುಳಿತಾಗ ಕಾಕಾನ ಮಾವನ ಕಣ್ಣು ಒದ್ದೆಯಾದದ್ದನ್ನು ಕಂಡಿದ್ದೇನೆ ಎಂದು ನನ್ನ ನೆನಪು. ಕಾಕಾ ಹೇಳುವುದು ಬೇರೆ. ನಾನು ಅವರ ಪಂಕ್ತಿಯಲ್ಲೇ, ಅವರ ಬಾಜೂಕ್ಕೇ ಕುಳಿತಿದ್ದೆನಂತೆ. ಹಾಗಿದ್ದರೆ ಅವರ ಕಣ್ಣು ನನಗೆ ಕಾಣುವ ಬಗೆ ಹೇಗೆ? ಧಾರವಾಡದಲ್ಲಿ ಇತಿಹಾಸ ಓದುವಾಗ ನಾನು ಗಟ್ಟಿಯಾಗಿ ಕಲಿತ ವಿದ್ಯೆ ಒಂದೇ: ನೋಡಿದವನು ಎಲ್ಲಿ ನಿಂತು ನೋಡಿದ ಎಂದು ಕೇಳುವುದು. ಪರರ ಮಾತಿಗೆ ಅದನ್ನು ಹಚ್ಚುವಾಗ ಹಿತವಾಗಿರುತ್ತದೆ. ನನ್ನ ನೆನಪಿಗೇ ಹಚ್ಚಿದರೆ ಉಳಿಯುವುದು ಬಹಳ ಕಡಿಮೆ.

ಕಾಕಾ ನನ್ನ ಅಪ್ಪನ ಕಿರಿಯ ತಮ್ಮ. ಮೂಡಲಗಿಯಲ್ಲಿ ಕನ್ನಡ ಸಾಲಿ ಮಾಸ್ತರ. ನಮ್ಮ ಮನೆ ಗೋಕಾಕದಲ್ಲಿತ್ತು. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ನಾವಿನ್ನೂ ಮುಂಬೈ ಸರಕಾರದ ಕೈಕೆಳಗೇ ಇದ್ದೆವು. ಕಾಕಾನ ಮದುವೆಯಾದ ಮರುವರ್ಷ ಕಾಕು ಚೊಚ್ಚಲ ಬಾಣಂತನಕ್ಕೆ ತವರಿಗೆ, ಹುಕ್ಕೇರಿಗೆ ಹೋದಳು. ಆಕೆಗೆ ತಾಯಿ ಇರಲಿಲ್ಲ. ತಂದೆ ಬೆಲ್ಲದ ಅಡತಿ ವ್ಯಾಪಾರಿ. ಊರವರೆಲ್ಲ ಅವರನ್ನು ಸಾವಕಾರ್ರು ಅನ್ನುತ್ತಿದ್ದರು. ಬಾಣಂತನ ಮಾಡಿದ್ದು ಅವರ ವಿಧವೆ ಅಕ್ಕ. ಗಂಡುಮಗು ಹುಟ್ಟಿತು. ಐದನೆಯ ತಿಂಗಳಿಗೆ ತೊಟ್ಟಿಲ ಸಮೇತ ಕಳಿಸುವುದು ನಮ್ಮ ಕಡೆಯ ಪದ್ಧತಿ. ಐದನೆಯ ತಿಂಗಳು ಬಂದಾಗ ಕಾಕಾ ಹೊಸ ಧೋತರ ಉಟ್ಟು ಹುಕ್ಕೇರಿಗೆ ಹೋದ. ಸಂಜೆ ಒಬ್ಬನೇ ತಿರುಗಿ ಬಂದು ನಮ್ಮ ಪಡಸಾಲೆಯ ಕಂಬಕ್ಕೆ ಆತು ಕುಳಿತ.

"ಏನಾತೋ?" ಎಂದಳು ನಮ್ಮವ್ವ.

"ಉಂಡ್ನಿ."

"ಅದಲ್ಲೋ, ಅಕಿ ಎಲ್ಲಿ?"

"ಕೇಳಾಕ ಆಗಲಿಲ್ಲ ವೈನಿ. ಬಾಯಾಗ ಹುಗ್ಗಿ ಇತ್ತು."

ಮುಂದೆಯೂ ಅದೇ ಆಯಿತು. ಸಾವಕಾರರು ಅಳಿಯನನ್ನು ಎಂದೂ ಬಯ್ಯಲಿಲ್ಲ, ಕಳಿಸುವುದಿಲ್ಲ ಎಂದೂ ಅನ್ನಲಿಲ್ಲ. ಕೈಕಾಲು ತೊಳೆದ ಕೂಡಲೇ ತಾಟು ಬರುತ್ತಿತ್ತು. ಗೋದಿ ಹುಗ್ಗಿ, ಅದರ ಮೇಲೆ ತುಪ್ಪ, ಎಣ್ಣೆಗಾಯಿ, ಬಿಸಿ ರೊಟ್ಟಿ, ಕೆನೆ ಮೊಸರು. ಕಾಕಾ ಮಾತು ತೆಗೆಯಲು ಬಾಯಿ ಬಿಟ್ಟರೆ ಸಾವಕಾರರೇ ಎದ್ದು ಬಂದು ಬಡಿಸುತ್ತಿದ್ದರು. ಊಟ ಮುಗಿದ ಮೇಲೆ ಎಲೆ ಅಡಿಕೆ, ಅದಾದ ಮೇಲೆ ಕಣ್ಣು ಎಳೆಯುತ್ತಿತ್ತು, ಎದ್ದಾಗ ಬಸ್ಸಿನ ಹೊತ್ತು. ಹೊರಡುವಾಗ ಏನಾದರೊಂದು ಮಾತು ತಯಾರಿರುತ್ತಿತ್ತು: ಮೂಡಲಗಿಯ ಬಾಡಿಗೆ ಮನೆಯಲ್ಲಿ ಚೇಳು ಅದಾವ ಅಂತ ಕೇಳೇನಿ, ಮಳಿ ಮುಗೀಲಿ, ಕೂಸಿಗೆ ಹಲ್ಲ ಬರಲಿ, ಹೆಜ್ಜಿ ಇಡಲಿ. ಮಗು ಅಂಬೆಗಾಲಿಟ್ಟದ್ದನ್ನೂ ಹೆಜ್ಜೆ ಇಟ್ಟದ್ದನ್ನೂ ಕಾಕಾ ಬೇರೆಯವರಿಂದ ಕೇಳಿ ತಿಳಿದ.

ಆ ಒಂಟಿ ತಿಂಗಳುಗಳಲ್ಲಿ ಅವನು ರಕ್ಕಸನ ಪುಸ್ತಕ ಬರೆದ.

ನಗೆ ಕಾದಂಬರಿ ಅದು. ಹಸ್ತಪ್ರತಿಯನ್ನೂ ಅಚ್ಚಿನ ಕರಡನ್ನೂ ನಾನೇ ಓದಿ ತಿದ್ದಿದ್ದರಿಂದ ಅದರಲ್ಲಿ ಏನಿತ್ತು ಎಂಬುದನ್ನು ಸಾಕಷ್ಟು ಧೈರ್ಯದಿಂದ ಹೇಳಬಲ್ಲೆ. ಘಟಪ್ರಭೆಯ ದಡದ ಗವಿಯಲ್ಲಿ ಒಬ್ಬ ರಕ್ಕಸ, ಅವನಿಗೊಬ್ಬ ಮಗಳು. ಮಗಳನ್ನು ಗೆದ್ದು ಒಯ್ಯಲು ಬಂದ ವೀರರನ್ನೆಲ್ಲ ಅವನು ಉಣಿಸಿ ಉಣಿಸಿ ಸೋಲಿಸುತ್ತಾನೆ. ಕತ್ತಿ ಹಿಡಿದು ಬಂದವರು ಹೊಟ್ಟೆ ಹಿಡಿದುಕೊಂಡು ಹೋಗುತ್ತಾರೆ. ಇದು ಮೊದಲ ಭಾಗ. ಎರಡನೆಯದರಲ್ಲಿ ಸೋತ ವೀರನೊಬ್ಬ ಕಚೇರಿಗೆ ಅರ್ಜಿ ಕೊಡುತ್ತಾನೆ. ವಿಚಾರಣೆಗೆ ಬಂದ ರಕ್ಕಸ ರೇಶನ್ ಕಾರ್ಡಿಲ್ಲದೆ, ವಸ್ತಿಯ ದಾಖಲೆ ಇಲ್ಲದೆ, ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಅಲೆದು ಸೊರಗುತ್ತಾನೆ. ಮೂರನೆಯದರಲ್ಲಿ ಹಸಿದು ಗವಿಗೆ ತಿರುಗಿ ಬಂದವನಿಗೆ ಮಗಳು ರೊಟ್ಟಿ ಬಡಿದು ಹಾಕುತ್ತಾಳೆ. ಅದನ್ನು ತಿಂದು ಅವನು ಅವಳನ್ನು ಅಳುತ್ತ ಗಂಡನ ಮನೆಗೆ ಕಳಿಸುತ್ತಾನೆ. ಆ ಕೊನೆ ಕಾಕಾನ ಆಸೆಯಾಗಿತ್ತು ಎಂದು ಬೇರೆ ಹೇಳಬೇಕಿಲ್ಲ.

ತೊಂದರೆ ಇದ್ದದ್ದು ಮೊದಲ ಭಾಗದಲ್ಲಿ. ರಕ್ಕಸನ ಮೀಸೆ, ಎತ್ತುಗಳು ನಿಂತುಬಿಡುವಂಥ ದನಿ, ನಕ್ಕಾಗ ಬಲದೊಡೆ ತಟ್ಟಿಕೊಳ್ಳುವ ರೀತಿ, ಎಲ್ಲವೂ ಸಾವಕಾರರದೇ. "ಕಾಕಾ, ಮೀಸಿಯರ ತಗೀ," ಎಂದೆ ನಾನು. "ಮೀಸಿ ತಗದ್ರ ರಕ್ಕಸ ಎಲ್ಲಿ ಉಳೀತಾನೋ?" ಎಂದ. ಎರಡನೆಯ ಭಾಗ ತನ್ನ ಸಾಹೇಬರ ಕಣ್ಣಿಗೆ ಬೀಳಬಹುದೆಂಬ ಅಂಜಿಕೆ ಬೇರೆ ಇತ್ತು. ಹಾಗಾಗಿ ಲೇಖಕನ ಹೆಸರಿಲ್ಲದೆ, ಲಗ್ನಪತ್ರಿಕೆ ಅಚ್ಚು ಹಾಕುವ ಗೋಕಾಕದ ಒಂದು ಸಣ್ಣ ಛಾಪಖಾನೆಯಲ್ಲಿ ಪುಸ್ತಕ ಹೊರಬಂತು. ಪ್ರತಿಗಳು ಬೆಳಗಾವಿಯ ಅಂಗಡಿಗೆ ಹೋದವು, ಅಲ್ಲಿಂದ ಅಲ್ಲಾಡಲಿಲ್ಲ. ಒಂದು ಪ್ರತಿ ಮಾತ್ರ ಗೋಕಾಕದ ವಾಚನಾಲಯಕ್ಕೆ ಸೇರಿತು. ನಮ್ಮ ಕಥೆ ಆ ಒಂದು ಪ್ರತಿಯದು.

ವಾಚನಾಲಯ ನೋಡಿಕೊಳ್ಳುತ್ತಿದ್ದ ಹಿರಿಯರದು ಒಂದು ಪದ್ಧತಿ. ಹೆಚ್ಚು ಮಂದಿ ಕೇಳುವ ಪುಸ್ತಕ ಬಂದರೆ ಅದರ ಹೊಲಿಗೆ ಬಿಚ್ಚಿ ಮೂರು ಪಾಲು ಮಾಡುವರು, ಪ್ರತಿ ಪಾಲಿಗೂ ಹಳೆಯ ಕ್ಯಾಲೆಂಡರಿನ ರಟ್ಟು ಹಚ್ಚಿ ಹೊಲಿಯುವರು. ಒಂದು ಪಾಲು ಗೋಕಾಕದಲ್ಲಿ ಉಳಿದರೆ ಒಂದು ಮೂಡಲಗಿಯ ವಾಚನಾಲಯಕ್ಕೆ, ಇನ್ನೊಂದು ಹುಕ್ಕೇರಿಯದಕ್ಕೆ, ಬಸ್ಸಿನ ಕಂಡಕ್ಟರನ ಕೈಯಲ್ಲಿ. ಮುಗಿದ ಮೇಲೆ ಪಾಲುಗಳು ಊರು ಬದಲಿಸುತ್ತಿದ್ದವು. ಕಥೆಯ ಕೊನೆ ಮೊದಲೇ ಒಂದೂರಿಗೆ ಹೋಗಿಬಿಟ್ಟರೆ ಓದುವವರ ಗತಿಯೇನು ಎಂದು ನಾನು ಕೇಳಿದ್ದೆ. ಅವರು ಕನ್ನಡಕದ ಮೇಲಿನಿಂದ ನೋಡಿದರು.

"ನಿಮ್ಮಜ್ಜ ಮಠಕ್ಕ ಪುರಾಣ ಕೇಳಾಕ ಹೋಗತಿದ್ನೋ ಇಲ್ಲೋ?"

"ಹೋಗತಿದ್ದ."

"ಮೊದಲಿಂದ ಕೇಳತಿದ್ನೇನು?"

"ಇಲ್ರಿ. ಹೊಲದಿಂದ ಬಂದ ಮ್ಯಾಲ."

"ಮತ್ತ?"

ಅವರ ಮಟ್ಟಿಗೆ ಮಾತು ಅಲ್ಲಿಗೆ ಮುಗಿದಿತ್ತು. ಮೂರೂರಿನ ಓದುಗರೂ ಅದೇ ಅಭ್ಯಾಸದವರು. ಯಾವ ಅಧ್ಯಾಯ ಕಿವಿಗೆ ಬಿತ್ತೋ ಅಲ್ಲಿಂದ ಪುರಾಣ ಶುರು. ನಡುವಿನ ಪಾಲು ಕೈಗೆ ಬಂದರೆ ಹಿಂದೆ ಏನಾಗಿರಬಹುದು ಎಂದು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ನಗೆಯ ಪುಸ್ತಕವೆಂದು ಕೇಳುವವರು ಹೆಚ್ಚಾದದ್ದರಿಂದ ರಕ್ಕಸನನ್ನೂ ಹಾಗೇ ಮೂರು ಪಾಲು ಮಾಡಿದರು. ಗೋಕಾಕದಲ್ಲಿ ಉಳಿದದ್ದು ಮೊದಲ ಭಾಗ. ವಾಚನಾಲಯದ ಬಾಜೂಕ್ಕೆ ಒಬ್ಬ ಮುಸಲ್ಮಾನ ದರ್ಜಿಯ ಅಂಗಡಿ ಇತ್ತು. ಅವನು ನಮ್ಮ ಮನೆಯ ಬಟ್ಟೆಯನ್ನೆಲ್ಲ ಹೊಲಿದುಕೊಟ್ಟವನು. ಮಧ್ಯಾಹ್ನ ಅವನ ಅಂಗಡಿಯ ಕಟ್ಟೆಯ ಮೇಲೆ ಯಾರಾದರೂ ಗಟ್ಟಿಯಾಗಿ ಓದುವುದು, ಅವನು ಮಶೀನು ತುಳಿಯುತ್ತ ಕೇಳುವುದು ರೂಢಿ. ರಜೆಯಲ್ಲಿ ಓದುವ ಪಾಳಿ ನನ್ನದು. ಬರೆದವನು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ಕಾಕಾ ಗೋಕಾಕಕ್ಕೆ ಬಂದಾಗ ಏನೂ ಅರಿಯದವನಂತೆ ಬಂದು ಕಟ್ಟೆಯ ತುದಿಗೆ ಕೂಡುತ್ತಿದ್ದ. ಅವನ ಕಿವಿ ಮಾತ್ರ ಆನೆಯದಾಗಿರುತ್ತಿತ್ತು.

ಉಂಡ ವೀರನ ಅಂಗಿಯ ಗುಂಡಿಗಳು ಪಟಪಟನೆ ಹಾರುವ ಜಾಗ ಬಂದಾಗ ದರ್ಜಿ ಮಶೀನು ನಿಲ್ಲಿಸಿದ. ನಗುತ್ತಾನೆ ಎಂದು ಕಾಕಾ ಮುಂದೆ ಬಾಗಿದ.

"ಬರದಾಂವ ಹೊಲಿಗಿ ಕಂಡಾಂವಲ್ರಿ," ಎಂದ ದರ್ಜಿ. "ಉಂಡ್ರ ಗುಂಡಿ ಹಾರೂದಿಲ್ಲ. ಹಿಂದ ಬೆನ್ನಿನ ಹೊಲಿಗಿ ಬಿಡತೈತಿ. ಇದೊಂದ ಬಿಟ್ರ ಉಳದದ್ದ ಖರೆ ಐತಿ."

"ಉಳದದ್ದ ಖರೆ?" ಎಂದ ಕಾಕಾ. "ರಕ್ಕಸ ಖರೆ?"

"ರಕ್ಕಸ ಖರೇನ್ರಿ ಮಾಸ್ತರ. ನಮ್ಮ ಸೋದರಮಾವ ಹಿಂಗ ಇದ್ದ."

ಮೇಳವಂಕಿಯಿಂದ ಸಂತೆಗೆ ಬರುತ್ತಿದ್ದ ಒಬ್ಬ ರೈತ ತನ್ನ ಅಂಗಿ ಕೇಳಲು ಬಂದವನು ಅಲ್ಲೇ ಕುಳಿತುಬಿಟ್ಟ. ಮೊದಲಿಗೆ ಸಿಟ್ಟಿನಲ್ಲಿದ್ದ: "ಅಂಗಿ ಹೊಲಿ ಅಂದ್ರ ರಕ್ಕಸನ ಸುದ್ದಿ ಹೇಳಾಕತ್ತೀಯಲ್ಲೊ." ಒಂದು ಅಧ್ಯಾಯ ಕೇಳಿದ ಮೇಲೆ ಅವನು ರಕ್ಕಸನ ವಕೀಲನಾದ. "ಬಡ್ಯಾಕ ಬಂದಾಂವಗ ಉಣಿಸಿ ಕಳಿಸ್ಯಾನ, ಅದರಾಗ ತಪ್ಪೇನು? ನಮ್ಮ ಮನಿಗೆ ಕತ್ತಿ ತಗೊಂಡ ಬಂದಿದ್ರ ನಾಯಿ ಬಿಡತಿದ್ನಿ."

"ಆದ್ರ ಮಗಳನ್ನ ಕಳಸೂದಿಲ್ಲಲ್ಲಾ," ಎಂದ ಕಾಕಾ. ದನಿ ಸ್ವಲ್ಪ ಬಿಸಿಯಾಗಿತ್ತು.

"ಕಳಸಂತ ಯಾರ ಕೇಳ್ಯಾರ್ರಿ? ಬಂದಾವ್ರೆಲ್ಲಾ ಉಂಡ ಹೋಗ್ಯಾರ. ಕೇಳಬೇಕಿಲ್ಲೊ ಬಾಯಿ ಬಿಟ್ಟ?"

ಕಾಕಾ ಎದ್ದು ನೀರು ಕುಡಿಯಲು ಹೋದ.

ಎರಡನೆಯ ಭಾಗ ಮೂಡಲಗಿಗೆ ಹೋಗಿತ್ತು. ಅಲ್ಲಿ ಅದನ್ನು ಕಾಕಾನ ಸಾಲಿಯ ಹೆಡ್‌ಮಾಸ್ತರರು ಓದಿದರು. ಬೇರೆ ಭಾಗಗಳನ್ನು ಕಾಣದ ಅವರಿಗೆ ರಕ್ಕಸ ಮೊದಲಿನಿಂದಲೂ ಒಬ್ಬ ಬಡಪಾಯಿ. ಚಹದ ಹೊತ್ತಿನಲ್ಲಿ ಎಲ್ಲ ಮಾಸ್ತರರನ್ನೂ ಕೂಡಿಸಿಕೊಂಡು, ಇದು ರಕ್ಕಸನ ಕಥೆಯೇ ಅಲ್ಲ, ಬಡ್ತಿಗೆ ಅರ್ಜಿ ಹಾಕಿದ ನೌಕರನ ಕಥೆ, ಅಂಜಿಕೆಗೆ ರಕ್ಕಸ ಅಂತ ಹೆಸರಿಟ್ಟಾನ, ಎಂದು ವಿವರಿಸಿದರಂತೆ. ತಮ್ಮ ಕಾಗದವೂ ಹೀಗೇ ಮೇಜಿನಿಂದ ಮೇಜಿಗೆ ಓಡಾಡಿದ್ದನ್ನು ನೆನೆದು ಕಣ್ಣು ಒರೆಸಿಕೊಂಡರಂತೆ. ಕೊನೆಗೆ ಕಾಕಾನ ಕಡೆ ತಿರುಗಿ, "ಬರದಾಂವ ಯಾರೋ ಧಾರವಾಡ ಕಡೀಯಾಂವ. ನಮ್ಮ ತಾಲೂಕಿನ್ಯಾಗ ಇಷ್ಟ ಬುದ್ಧಿ ಯಾರಿಗೈತಿ? ನೀವರ ನಾಕ ಸಾಲ ಬರೀರಿ ನೋಡೂಣು," ಎಂದರಂತೆ. ಇದನ್ನು ಕಾಕಾನೇ ನನಗೆ ಹೇಳಿದ್ದು. ಅದರಲ್ಲಿ ಕಣ್ಣು ಒರೆಸಿಕೊಂಡ ಭಾಗವನ್ನು ನಾನು ಪೂರ್ತಿ ನಂಬುವುದಿಲ್ಲ.

ಹೀಗೆ ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಕಂಡಕ್ಟರ ದರ್ಜಿಯ ಅಂಗಡಿಗೆ ಬಂದು ಟೊಪ್ಪಿಗೆ ತೆಗೆದು ಗಾಳಿ ಹಾಕಿಕೊಳ್ಳುತ್ತ ಸುದ್ದಿ ಹೇಳಿದ.

"ಹುಕ್ಕೇರ್ಯಾಗ ನಿಮ್ಮ ರಕ್ಕಸನ್ನ ಕೇಳಿ ಮಂದಿ ಅಳಾಕತ್ತಾರ್ರಿ."

"ಅಳಾಕತ್ತಾರ?" ಎಂದ ದರ್ಜಿ. "ಹುಕ್ಕೇರಿ ಮಂದಿಗೆ ನಗೂದ ಯಾವುದು, ಅಳೂದ ಯಾವುದು ತಿಳೀಲಾರದಂಗ ಆಗೈತೇನು?"

"ಖರೆ ಹೇಳತೇನ್ರಿ. ಬೆಲ್ಲದ ಸಾವಕಾರ್ರು ದಿನಾ ಓದಿಸಿ ಕೇಳಿದ್ರು. ಅಂಥಾ ರಕ್ಕಸ ಜಗತ್ತಿನ್ಯಾಗ ಇಲ್ಲ ಅಂದ್ರು. ಮೊದಲಿನ ಪಾಲು ಕಳಸಾಕ ಹೇಳ್ಯಾರ."

ನಾನು ಓದುತ್ತಿದ್ದ ಹಾಳೆಯಿಂದ ತಲೆ ಎತ್ತಿದೆ. ಹುಕ್ಕೇರಿಗೆ ಹೋದದ್ದು ಮೂರನೆಯ ಭಾಗ, ರಕ್ಕಸ ಮಗಳನ್ನು ಕಳಿಸುವ ಭಾಗ. ಅದನ್ನು ಕೇಳಿ ಸಾವಕಾರರು ಅತ್ತಿದ್ದರೆ ಸಂತೋಷವೇ. ಆದರೆ ಮೊದಲ ಭಾಗ ಅಲ್ಲಿಗೆ ಹೋದರೆ ಮೀಸೆ, ದನಿ, ತೊಡೆ ತಟ್ಟುವುದು, ಉಣಿಸಿ ಸೋಲಿಸುವುದು ಎಲ್ಲ ಹೋಗುತ್ತದೆ. ಇಂಥದನ್ನು ಬರೆಯಬಲ್ಲವನು ಆ ಮನೆಗೆ ಮೇಲಿಂದ ಮೇಲೆ ಉಣ್ಣಲು ಬಂದವನೊಬ್ಬನೇ ಎಂದು ತಿಳಿಯಲು ಅವರಿಗೆ ಎಷ್ಟು ಹೊತ್ತು ಬೇಕು? ಈ ಭಾಗ ಇಲ್ಲೇ ಇರಲಿ, ಇನ್ನೂ ಓದುವವರಿದ್ದಾರೆ ಎಂದು ವಾಚನಾಲಯದ ಹಿರಿಯರಿಗೆ ಹೇಳಿದೆ. ಅವರು ನಕ್ಕು, ಪುಸ್ತಕಕ್ಕೆ ಅತ್ತವರಿಗೆ ಮೊದಲ ಹಕ್ಕು ಎಂದರು. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಪಾಲು ಹೊರಟುಹೋಗಿತ್ತು.

ಮೂಡಲಗಿಯಿಂದ ಬಂದ ಕಾಕಾನಿಗೆ ಇದನ್ನು ಹೇಳಿದಾಗ ಅವನು ತನ್ನ ಚಪ್ಪಲಿಯ ಕಡೆ ನೋಡಿದ.

"ಆತು ಬಿಡು," ಎಂದ. "ಇನ್ನ ಅಕಿ ಬರೂದಿಲ್ಲ. ಕೂಸು ನನ್ನ ಮಾರಿ ಮರೀತೈತಿ."

ಅಲ್ಲಿಯ ತನಕ ಆ ಪುಸ್ತಕ ನನಗೆ ಚೇಷ್ಟೆಯಾಗಿತ್ತು. ಆ ಮಾತಿನ ಮೇಲೆ ಅದು ಚೇಷ್ಟೆಯಾಗಿ ಉಳಿಯಲಿಲ್ಲ. ಮರುದಿನವೇ ಇಬ್ಬರೂ ಹುಕ್ಕೇರಿಗೆ ಹೋಗುವುದೆಂದು ಠರಾಯಿಸಿದೆವು. ಮೇಳವಂಕಿಯ ರೈತನ ಮಾತು ಕಾಕಾನಿಗೆ ನಾಟಿತ್ತು ಎಂದು ಕಾಣುತ್ತದೆ. ಈ ಸಲ ಬಾಯಿ ಬಿಟ್ಟು ಕೇಳುವುದೇ ಎಂದ. ಉಪಾಯ ನನ್ನದು. ಅವನು ಉಣ್ಣುತ್ತಾನೆ, ನಾನು ಹೊಟ್ಟೆ ನೋವೆಂದು ಹೇಳಿ ಉಣ್ಣದೆ ಕುಳಿತು ಮಾತು ತೆಗೆಯುತ್ತೇನೆ.

ಸಾವಕಾರರು ಅಂಗಡಿಯ ಕಟ್ಟೆಯ ಮೇಲೇ ಇದ್ದರು. ಅವರ ಮೀಸೆ ನೋಡಲು ನನಗೆ ಧೈರ್ಯ ಸಾಲಲಿಲ್ಲ.

"ಬರ್ರಿ ಮಾಸ್ತರ. ಧಾರವಾಡದಾವ್ರೂ ಬಂದಾರ. ಬೇಶಾತು. ಕೈಕಾಲ ತೊಳಕೋರಿ."

"ನನಗ ಹೊಟ್ಟಿ ನೋವ ಐತ್ರಿ ಅಜ್ಜಾರ," ಎಂದೆ.

"ಹೌದ? ಹೊಟ್ಟಿ ನೋವಿಗೆ ತುಪ್ಪ ಚಲೋ."

ನನ್ನ ಉಪಾಯ ಅಲ್ಲಿಗೆ ಮುಗಿಯಿತು. ಸ್ವಲ್ಪ ಹೊತ್ತಿನಲ್ಲಿ ನನ್ನ ಮುಂದೂ ತಾಟು ಇತ್ತು, ಅದರಲ್ಲಿ ಹುಗ್ಗಿ ಇತ್ತು, ಹುಗ್ಗಿಯ ನಡುವೆ ತುಪ್ಪದ ಬಾವಿ ಇತ್ತು. ಕಾಕು ರೊಟ್ಟಿ ತಂದು ಹಾಕಿ ಹೋದಳು, ತಲೆ ಎತ್ತಲಿಲ್ಲ. ಮಗು ಹೊಸ್ತಿಲ ಮೇಲೆ ನಿಂತು ಕಾಕಾನನ್ನು ಅಪರಿಚಿತನನ್ನು ನೋಡುವಂತೆ ನೋಡಿ ಒಳಗೆ ಹೋಯಿತು.

"ಒಂದ ಪುಸ್ತಕ ಬಂದೈತಿ, ಕೇಳೀರೇನ್ರಿ ಮಾಸ್ತರ?" ಎಂದರು ಸಾವಕಾರರು.

ಕಾಕಾನ ಕೈ ತಾಟಿನಲ್ಲೇ ನಿಂತಿತು. "ಯಾವುದ್ರಿ?"

"ರಕ್ಕಸಂದು. ಸಾಲಿ ಮಾಸ್ತರಾಗಿ ನಿಮಗ ಗೊತ್ತಿಲ್ಲಾ? ಕಡೀ ಪಾಲು ಮೊದಲ ಕೇಳಿದ್ನಿ. ಮೊದಲಿನ ಪಾಲು ನಿನ್ನಿ ಮುಗೀತು."

ಸಾವಕಾರರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆ ತಲೆಮಾರಿನ ಅನೇಕ ವ್ಯಾಪಾರಸ್ಥರಂತೆ ಅವರು ಸಾಲಿ ಕಲಿತದ್ದು ಮರಾಠಿಯಲ್ಲಿ, ಲೆಕ್ಕ ಬರೆಯುವುದು ಮೋಡಿ ಲಿಪಿಯಲ್ಲಿ. ಮನೆಮಾತು ಕನ್ನಡವಾದರೂ ಕನ್ನಡ ಪುಸ್ತಕವನ್ನು ಯಾರಾದರೂ ಓದಿ ಹೇಳಬೇಕಿತ್ತು.

"ಹೆಂಗೈತ್ರಿ?" ಎಂದ ಕಾಕಾ. ಆ ಪ್ರಶ್ನೆಯನ್ನು ಅವನು ಬರೆದವನಾಗಿ ಕೇಳಿದನೋ ಅಳಿಯನಾಗಿ ಕೇಳಿದನೋ ನನಗೆ ಗೊತ್ತಾಗಲಿಲ್ಲ.

"ಒಂದ ತಪ್ಪ ಬರದಾನ."

"ಏನ್ರಿ ಅದು?"

"ರಕ್ಕಸ ಒಂದ ಹೊತ್ತಿಗೆ ಇಪ್ಪತ್ತ ರೊಟ್ಟಿ ತಿಂತಾನಂತ. ಇಪ್ಪತ್ತ ರೊಟ್ಟಿ ತಿನ್ನಾಕ ರಕ್ಕಸ ಯಾಕ ಬೇಕು? ಹರೇದಾಗ ನಾನ ತಿಂದೇನಿ." ಹಾಗೆಂದು ಅವರು ಬಲದೊಡೆ ತಟ್ಟಿಕೊಂಡು ನಕ್ಕರು. ನಾನು ಹುಗ್ಗಿಯಲ್ಲಿ ಮುಖ ಮುಚ್ಚಿಕೊಂಡೆ.

"ಆದ್ರ ಅಂವ ಯಾಕ ಉಣಸ್ತಾನಂತ ಬರದಾನಲ್ಲಾ, ಅದ ಭಾಳ ಚಲೋ ಬರದಾನ," ಎಂದರು. ದನಿ ಇಳಿದಿತ್ತು. "ಹೆಂಡ್ತಿ ಇಲ್ಲ. ಗವಿ ದೊಡ್ಡದೈತಿ. ಮಗಳ ಹೋದ್ಲಂದ್ರ ಉಣ್ಣಾಕ ಕುಂತಾಗ ಎದರಿಗಿ ಯಾರೂ ಇರೂದಿಲ್ಲ. ಅದಕ್ಕ ಬಂದಾಂವಗ ಉಣಸ್ತಾನ. ಉಣ್ಣೂತನಕರ ಅಂವ ಹೋಗೂದಿಲ್ಲ, ಅಕೀನ್ನೂ ಒಯ್ಯೂದಿಲ್ಲಲ್ಲಾ ಅಂತ. ಅವನ ಮನಸಿನ್ಯಾಗಿಂದ ಬರದಾಂವಗ ಹೆಂಗ ತಿಳೀತು?"

ಕಾಕಾ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಿದೆ. ಹಾಗೆ ನೋಡಿಕೊಂಡದ್ದು ಖಚಿತ. ಇದರಲ್ಲಿ ಇಬ್ಬರ ನೆನಪೂ ಒಂದೇ. ಏಕೆಂದರೆ ಪುಸ್ತಕದಲ್ಲಿ ಅಂಥ ಸಾಲೇ ಇರಲಿಲ್ಲ. ರಕ್ಕಸನ ಹೆಂಡತಿಯ ಮಾತೇ ಎಲ್ಲೂ ಬಂದಿರಲಿಲ್ಲ. ಅವನು ಉಣಿಸುತ್ತಿದ್ದದ್ದು ಬರೀ ಕಪಟದಿಂದ.

"ಕಡೀಕ ಅಷ್ಟ ದೊಡ್ಡ ರಕ್ಕಸ ಕಳಿಸೇ ಬಿಟ್ಟ," ಎಂದರು ಸಾವಕಾರರು, ತಮ್ಮಷ್ಟಕ್ಕೆ ಎಂಬಂತೆ.

ಕಾಕಾ ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟ. "ಮಾವಾರ, ನಾ ಕರಕೊಂಡ ಹೋಗಾಕ ಬಂದೇನ್ರಿ."

ಅವನು ಬಾಯಿ ಬಿಟ್ಟು ಹಾಗೆ ಕೇಳಿದ್ದು ಅದೇ ಮೊದಲು. ಆಗಲೇ ಸಾವಕಾರರ ಕಣ್ಣು ಒದ್ದೆಯಾದದ್ದು, ಅಥವಾ ಒದ್ದೆಯಾಗಿರಬಹುದೆಂದು ನಾನು ಆಮೇಲೆ ಅಂದುಕೊಂಡದ್ದು. ಅನಂತರ ಅವರು ಒಳಗಿನ ಕಡೆ ಕೂಗಿದರು.

"ಅಕ್ಕಾ, ಅಕೀದೂ ಕೂಸಿಂದೂ ಗಂಟ ಕಟ್ಟು. ನಾಳಿ ಮುಂಜಾನಿ ಬಸ್ಸಿಗೆ." ಮತ್ತೆ ಕಾಕಾನಿಗೆ, "ಮನ್ಯಾಗ ಚೇಳಿನ ಔಷಧಾ ಇಟ್ಟೀರಿಲ್ಲೊ?"

"ಇಟ್ಟೇನ್ರಿ."

"ಮತ್ತ ಉಣ್ರಿ. ಯಾಕ ಕೈ ಬಿಟ್ರಿ?"

ಮರುದಿನ ಮುಂಜಾನೆ ಬಸ್ಸಿನ ಮೇಲೆ ತೊಟ್ಟಿಲು, ಬೆಲ್ಲದ ಪೆಂಟಿ, ರೊಟ್ಟಿಯ ಗಂಟು ಏರಿದವು. ಬಸ್ಸು ಹೊತ್ತು ಮೀರಿ ನಿಂತಿತು. ಕಂಡಕ್ಟರನನ್ನೂ ಡ್ರೈವರನನ್ನೂ ಸಾವಕಾರರು ಅಂಗಡಿಯ ಕಟ್ಟೆಗೆ ಕರೆದು ಕೂಡಿಸಿ ಶಿರಾ ತಿನ್ನಿಸುತ್ತಿದ್ದರು. "ಇನ್ನೊಂದ ಚಮಚ," ಎನ್ನುವುದು ನಮಗೆ ಬಸ್ಸಿನಲ್ಲಿ ಕೇಳುತ್ತಿತ್ತು. ಅಷ್ಟು ಹೊತ್ತೂ ಮೊಮ್ಮಗ ಅವರ ಹೆಗಲ ಮೇಲಿದ್ದ. ಕಾಕಾ ಒಮ್ಮೆಯೂ ಅವಸರ ಮಾಡಲಿಲ್ಲ.

ದಾರಿಯಲ್ಲಿ ಅವನು ಕಾಕುವನ್ನು ಕೇಳಿದ: "ಮಾವಾರಿಗೆ ಆ ಪುಸ್ತಕ ಯಾರ ಓದಿ ಹೇಳಿದ್ರು?"

"ಅಂಗಡಿ ಗುಮಾಸ್ತ ಓದ್ಯಾನು," ಎಂದಳು ಕಾಕು, ಕಿಡಕಿಯ ಹೊರಗೆ ನೋಡುತ್ತ. ಮಗುವಿನ ಟೊಪ್ಪಿಗೆ ಸರಿ ಮಾಡಿದಳು.

ಇಲ್ಲದ ಆ ಸಾಲು ಎಲ್ಲಿಂದ ಬಂತು ಎಂಬುದು ನನ್ನನ್ನು ಬಹಳ ವರ್ಷ ಕಾಡಿತು. ಗುಮಾಸ್ತನನ್ನು ನಾನು ಕಂಡಿದ್ದೆ. ಗಿರಾಕಿಗೆ ಹೌದು ಅನ್ನಲೂ ಬೇಸರಪಡುವ ಮನುಷ್ಯ, ಕೈಯಿಂದ ಕಥೆ ಕೂಡಿಸುವವನಲ್ಲ. ಸಾವಕಾರರೇ ತಮ್ಮ ಒಂಟಿತನವನ್ನು ರಕ್ಕಸನಿಗೆ ತೊಡಿಸಿದರೇ? ಹಾಗಿದ್ದರೆ ಆ ರಕ್ಕಸ ತಾವೇ ಎಂದು ಅವರಿಗೆ ಗೊತ್ತಾಗಿತ್ತು ಎಂದಾಯಿತು. ಇಲ್ಲವೇ ಅವರು ಆಡಿದ್ದು ಬೇರೇನೋ, ನಾನೂ ಕಾಕಾನೂ ಆ ಬಸ್ಸಿನ ಸಂತೋಷದಲ್ಲಿ ಅದನ್ನು ಬೆಳೆಸಿಕೊಂಡೆವೋ. ದರ್ಜಿ ಈ ಕಥೆ ಕೇಳಿ, "ಪುಸ್ತಕ ಮೂರ ಊರ ತಿರುಗೈತಿ, ಒಂದಿಷ್ಟ ದಪ್ಪ ಆಗಿರತೈತಿ ಬಿಡ್ರಿ," ಎಂದ. ಇದ್ದುದರಲ್ಲಿ ಅದೇ ಸಮಾಧಾನದ ಅಭಿಪ್ರಾಯವಾಗಿತ್ತು.

ನಾನು ಒಂದು ಕಡೆ ನಿಲ್ಲುವವನಲ್ಲ. ಓದು ಮುಗಿಸಿ ಒಂದಷ್ಟು ವರ್ಷ ಪುಣೆಯಲ್ಲಿ, ಮತ್ತೆ ಧಾರವಾಡದಲ್ಲಿ, ನಡುವೆ ಏನೂ ಕೆಲಸವಿಲ್ಲದೆ ಗೋಕಾಕದಲ್ಲಿ ಕಳೆದೆ. ಊರಿಗೆ ಬಂದಾಗಲೆಲ್ಲ ಕಾಕಾನೊಂದಿಗೆ ಇದೇ ವಾದ. ಆ ಸಾಲನ್ನು ತಾನೇ ಬರೆದಿದ್ದೆನೇನೋ, ಅಚ್ಚಿನಲ್ಲಿ ಬಿಟ್ಟುಹೋಗಿರಬೇಕು ಎಂದು ಅವನು ಬರಬರುತ್ತ ಹೇಳತೊಡಗಿದ. ನನಗೆ ನಗು ಬರುತ್ತಿತ್ತು. ಆದರೂ ಪುಸ್ತಕ ಅರವತ್ತನೆಯ ಇಸವಿಯ ನಂತರ ಮತ್ತೆ ಅಚ್ಚಾದಾಗ ಅವನು ಅದನ್ನು ಸೇರಿಸಿಯೇಬಿಟ್ಟ: ಹೆಂಡತಿಯಿಲ್ಲದ ರಕ್ಕಸ, ದೊಡ್ಡ ಗವಿ, ಎದುರಿಗೆ ಯಾರೂ ಇಲ್ಲದ ಊಟ. ಈ ಸಲ ಲೇಖಕನ ಹೆಸರೂ ಇತ್ತು. ಸಾವಕಾರರು ಆ ಪುಸ್ತಕವನ್ನು ಅಂಗಡಿಯ ಗಾದಿಯ ಮೇಲೆ, ತಕ್ಕಡಿಯ ಬಾಜೂಕ್ಕೆ ಇಟ್ಟುಕೊಂಡಿದ್ದರು. ಬೆಲ್ಲ ಕೊಳ್ಳಲು ಬಂದವರಿಗೆ, "ನಮ್ಮ ಅಳಿಯಾರ ಬರದಾರ. ರೊಟ್ಟಿ ಲೆಕ್ಕ ಒಂದ ತಪ್ಪೈತಿ," ಎಂದು ತೋರಿಸುತ್ತಿದ್ದರು. ಮೊದಲ ಸಲವೇ ಅವರಿಗೆ ಎಲ್ಲ ತಿಳಿದಿತ್ತೋ ಹೇಗೋ ಎಂದು ನೇರ ಕೇಳುವ ಧೈರ್ಯ ನನಗಾಗಲಿಲ್ಲ.

ಕಾಕುವಿನ ಬಗ್ಗೆ ಮಾತ್ರ ನಾನು ಒಂದು ಸಲವೂ ಯೋಚಿಸಿರಲಿಲ್ಲ. ಆಕೆಗೆ ಓದು ಬರುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಬರುತ್ತದೆ ಎಂದೂ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಹಿರಿಯರ ಮುಂದೆ ಸೊಸೆಯಂದಿರು ಪುಸ್ತಕ ಹಿಡಿದು ಕೂಡುತ್ತಿರಲಿಲ್ಲ. ನಾನು ಆಕೆಯ ಕೈಯಲ್ಲಿ ಕಂಡದ್ದು ಲಟ್ಟಣಿಗೆ, ಕೂಸು, ಕೊಡ.

ಎರಡನೆಯ ಅಚ್ಚು ಬಂದು ಕೆಲವು ತಿಂಗಳಾಗಿದ್ದವು. ಮೂಡಲಗಿಗೆ ಹೋದಾಗ ಕಾಕಾನಿಗೆ ಕಣ್ಣು ಬೇನೆ ಬಂದಿತ್ತು. ಕಣ್ಣ ಮೇಲೆ ಹಸಿ ಬಟ್ಟೆ ಹಾಕಿಕೊಂಡು ಪಡಸಾಲೆಯಲ್ಲಿ ಮಲಗಿದ್ದ. ಅವನ ಬಾಜೂಕ್ಕೆ ಕಾಕು ಕುಳಿತು ಒಂದು ವಾರಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದಳು. ಎಲ್ಲೂ ತಡವರಿಸುತ್ತಿರಲಿಲ್ಲ. ಪತ್ರಿಕೆಯ ಭಾಷೆಯೇ ಆಕೆಯ ಬಾಯಲ್ಲಿ ನೀಟಾಗಿ ಹರಿಯುತ್ತಿತ್ತು. ಓದುತ್ತಿದ್ದದ್ದು ಓದುಗನೊಬ್ಬನ ಅಭಿಪ್ರಾಯ, ನಮ್ಮ ರಕ್ಕಸನ ಪುಸ್ತಕದ ಬಗ್ಗೆಯೇ. ನಾನು ಚಪ್ಪಲಿ ಬಿಟ್ಟು ಸದ್ದಿಲ್ಲದೆ ಒಳಗೆ ಬಂದು ಆಕೆಯ ಹಿಂದೆ ನಿಂತೆ.

"ರಾಕ್ಷಸನ ಒಂಟಿತನವನ್ನು ಹೇಳುವ ಪುಟವೇ ಈ ಪುಸ್ತಕದ ಜೀವ," ಎಂದು ಓದಿದಳು ಕಾಕು. "ನಕ್ಕು ನಕ್ಕು ದಣಿದ ಓದುಗ ಇಲ್ಲಿಗೆ ಬಂದು ಸುಮ್ಮನಾಗುತ್ತಾನೆ."

"ಬರದಾಂವ ಬಲ್ಲಾಂವ ಅದಾನ," ಎಂದ ಕಾಕಾ, ಬಟ್ಟೆಯ ಕೆಳಗಿನಿಂದ. ಮುಖದ ತುಂಬ ಸುಖವಿತ್ತು.

ನನ್ನ ಕಣ್ಣು ಕಾಕುವಿನ ಬೆರಳು ಇದ್ದ ಸಾಲಿನ ಮೇಲಿತ್ತು. ಆ ಸಾಲು ಹಾಗಿರಲಿಲ್ಲ. ಆಕೆ ತಿರುಗಿ ನನ್ನನ್ನು ನೋಡಿದಳು, ಗಾಬರಿಯಾಗಲಿಲ್ಲ, ಪತ್ರಿಕೆ ಮಡಿಸಿ ಗೂಡಿನಲ್ಲಿಟ್ಟು ಚಹ ಮಾಡಲು ಒಳಗೆ ಹೋದಳು. ಆಕೆ ಓದುವಾಗ ಹೀಗೆ ಸಾಲು ಬದಲಿಸುತ್ತಾಳೆಂಬುದು ಕಾಕಾನಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ. ಆ ದಿನ ಕೇಳಿದ್ದರೂ ಅವನು ಖರೆ ಹೇಳುತ್ತಿದ್ದನೆಂಬ ನಂಬಿಕೆ ನನಗಿಲ್ಲ.

ನನ್ನ ಕಣ್ಣಿನ ಮೇಲೂ ನನಗೆ ಭರವಸೆ ಕಡಿಮೆ. ಅದಕ್ಕೇ ಕಾಕಾ ನಿದ್ದೆ ಹೋದ ಮೇಲೆ ಪತ್ರಿಕೆಯನ್ನು ಗೂಡಿನಿಂದ ತೆಗೆದು, ಅಂಗಳದ ಬಿಸಿಲಿಗೆ ಹಿಡಿದು, ಆ ಪುಟವನ್ನು ಎರಡು ಸಲ ಓದಿದೆ. ಅಲ್ಲಿ ಅಚ್ಚಾಗಿದ್ದದ್ದು ಇಷ್ಟು: ಪುಸ್ತಕ ನಗಿಸುತ್ತದೆ, ಆದರೆ ರಾಕ್ಷಸನ ಒಂಟಿತನವನ್ನು ಹೇಳುವ ಪುಟ ಬೇಕಿರಲಿಲ್ಲ.